ಇಡ್ಲಿ ಹಿಟ್ಟಿಗೊಂದು ಮೆಮೊರಿ ಕಾರ್ಡು

ಇಡ್ಲಿ ಹಿಟ್ಟಿನ ಪಾತ್ರೆಗೆ ಮೆಮೊರಿ ಕಾರ್ಡು ಯಾಕೆ ಬೇಕು ಎಂದು ಕೇಳಿದವರಿಗೆಲ್ಲ ನಾನು ಕೊಡುವ ಉತ್ತರ ಒಂದೇ: ಬೇಕಿತ್ತು. ವಿವರವಾಗಿ ಹೇಳಲು ಹೋದಾಗಲೆಲ್ಲ ಎದುರಿಗಿದ್ದವರು ಅರ್ಧದಲ್ಲೇ ಗಡಿಯಾರ ನೋಡಿದ್ದಾರೆ. ಇಲ್ಲಿ ಯಾರು ಗಡಿಯಾರ ನೋಡಿದರೂ ನನಗೆ ಕಾಣುವುದಿಲ್ಲವಾದ್ದರಿಂದ ಪೂರ್ತಿ ಹೇಳಿಬಿಡುತ್ತೇನೆ. ಸಮಜಾಯಿಷಿ ಕೊಡುತ್ತಿದ್ದೇನೆ ಎಂದು ಮಾತ್ರ ತಿಳಿಯಬೇಡಿ. ನಾನು ಮಾಡಿದ್ದು ಸರಿಯೇ.

ನನಗೆ ಐವತ್ತು ದಾಟಿದೆ. ಚೆನ್ನೈಯ ನುಂಗಂಬಾಕ್ಕಂನ ಒಂದು ವಿಮೆ ಕಚೇರಿಯಲ್ಲಿ ಕೆಲಸ. ಜನರ ಮನೆಗೆ ಬೆಂಕಿ ಬಿದ್ದರೆ, ಗೋದಾಮಿಗೆ ನೀರು ನುಗ್ಗಿದರೆ ಏನು ಗತಿ ಎಂದು ಯೋಚಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಕೊಡದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಮನೆಗೆ ಬೀಗ ಹಾಕಿ ಲಿಫ್ಟಿನವರೆಗೆ ಬಂದು, ಗೀಸರ್ ಆರಿಸಿದೆನೋ ಇಲ್ಲವೋ ಎಂದು ಹಿಂದಿರುಗಿ, ಆರಿದ್ದು ನೋಡಿ, ಈಗ ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಿಂದಿರುಗುವ ಜಾತಿ ನನ್ನದು. ಇದನ್ನು ನನ್ನ ಗಂಡ ಬೆಳಗಿನ ವ್ಯಾಯಾಮ ಎಂದು ಕರೆಯುತ್ತಾರೆ.

ಮಗಳು ಇಂಜಿನಿಯರಿಂಗ್ ಓದುವಾಗ ಪ್ರಾಜೆಕ್ಟಿಗೆಂದು ತಂದ ಒಂದು ಡಬ್ಬಿ ಅಟ್ಟದ ಮೇಲೆ ಬಿದ್ದಿತ್ತು. ಅದರೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಮೈಕ್ರೋಕಂಟ್ರೋಲರ್ ಬೋರ್ಡು, ಬಣ್ಣಬಣ್ಣದ ತಂತಿಗಳು, ಶಾಖ ಅಳೆಯುವ, ದೂರ ಅಳೆಯುವ ಪುಟ್ಟ ಪುಟ್ಟ ಸಾಮಾನುಗಳು. “ಅಮ್ಮಾ, ಅದ ತೂಕ್ಕಿ ಪೋಡುಮ್ಮಾ” ಎಂದಳು ಮಗಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ. ಎಸೆದುಬಿಡು ಎಂದ ಮೇಲೆ ಎಸೆಯುವುದು ನನ್ನ ಜಾಯಮಾನದಲ್ಲಿಲ್ಲ. ನಾಳೆ ಬೇಕಾದರೆ? ಹೀಗೆ ನನಗೆ ಹವ್ಯಾಸ ಹತ್ತಿತು. ವೀಡಿಯೊ ನೋಡಿ, ಮಗಳಿಂದ ಬೈಸಿಕೊಂಡು, ಬೆರಳು ಸುಟ್ಟುಕೊಂಡು ಕಲಿತೆ. ನಮ್ಮ ವೇಲಚೇರಿಯಲ್ಲಿ ಮಳೆ ಬಂದರೆ ನೀರು ನಿಲ್ಲುವುದು ಊರಿಗೇ ಗೊತ್ತಲ್ಲ. ನನ್ನ ಮೊದಲ ಯಂತ್ರ ಗೇಟಿನ ಹತ್ತಿರ ನೀರು ಏರಿದರೆ ಕೂಗುವುದು. ನಾವಿರುವುದು ಮೂರನೆಯ ಮಹಡಿಯಲ್ಲಿ ಎಂದು ಗಂಡ ನೆನಪಿಸಿದರು. ಮೂರನೆಯ ಮಹಡಿಗೆ ಬರುವುದಿಲ್ಲ ಎಂದು ಬರೆದು ಕೊಡುತ್ತೀರಾ ಎಂದು ಕೇಳಿದೆ. ಅವರು ಬರೆದು ಕೊಡಲಿಲ್ಲ.

ಇನ್ನು ಹಿಟ್ಟಿನ ವಿಷಯ.

ಎಗ್ಮೋರ್ ಸ್ಟೇಷನ್ನಿನ ಹತ್ತಿರದ ಒಂದು ಗಲ್ಲಿಯಲ್ಲಿ ನಮ್ಮ ಹೋಟೆಲಿದೆ. ಅಪ್ಪ ಉಡುಪಿ ಕಡೆಯಿಂದ ಬಂದು ಹಾಕಿದ್ದು. ಈಗ ಅಣ್ಣ ನಡೆಸುತ್ತಾನೆ. ಕೆಳಗೆ ಹೋಟೆಲು, ಮೇಲೆ ಮನೆ. ಅಮ್ಮ ಅಲ್ಲೇ ಇರುವುದು. ಅಪ್ಪನ ಕಾಲದಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಗಳು ಮೆಟ್ಟಿಲಿನ ಕೆಳಗೆ ಒಂದು ಕಲ್ಲುಕಟ್ಟೆಯ ಮೇಲೆ ಕೂತಿರುತ್ತಿದ್ದವು. ಅಣ್ಣ ಅಡುಗೆಮನೆಯನ್ನು ಹೊಸದು ಮಾಡಿಸಿದಾಗ ಅವನ್ನು ಹಿಂದಿನ ಕೋಣೆಗೆ, ದೊಡ್ಡ ಫ್ರಿಜ್ಜಿನ ಬೆನ್ನಿಗೆ ಸರಿಸಿದ. ಕಟ್ಟೆಯ ಮೇಲೆ ಪಾರ್ಸೆಲ್ ಕೌಂಟರ್ ಬಂತು. ಫೋನಿನಲ್ಲಿ ಆರ್ಡರ್ ಮಾಡುವವರ ಪೊಟ್ಟಣಗಳು ಅಲ್ಲಿ ಸಾಲಾಗಿ ಕೂತು ಹೆಲ್ಮೆಟ್ಟಿನವರಿಗಾಗಿ ಕಾಯುತ್ತವೆ.

ಅಂದಿನಿಂದ ಹಿಟ್ಟಿನ ಬುದ್ಧಿ ಕೆಟ್ಟಿತು. ಒಂದು ದಿನ ಸರಿ, ಇನ್ನೊಂದು ದಿನ ಹುಳಿ, ಮತ್ತೊಂದು ದಿನ ಇಡ್ಲಿ ತಟ್ಟೆಯ ಮೇಲೆ ಚಪ್ಪಟೆ. ಹಳೆಯ ಗಿರಾಕಿಗಳು ಬಾಯಿಬಿಟ್ಟು ಹೇಳಿದರು. ಹೊಸಬರು ಫೋನಿನಲ್ಲಿ ನಕ್ಷತ್ರ ಕಡಿಮೆ ಕೊಟ್ಟರು. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಅಣ್ಣ ಹೇಳಿದ:

“ಇನ್ನು ಹಿಟ್ಟು ಹೊರಗಿಂದ. ಒಂದು ಕಂಪನಿಯವ ಬಂದು ಹೋಗಿದ್ದಾನೆ. ಬೆಳಿಗ್ಗೆ ಡ್ರಮ್ಮಿನಲ್ಲಿ ತಂದು ಇಳಿಸ್ತಾನೆ. ದಿನಾ ಒಂದೇ ಹದ. ತಲೆಬಿಸಿ ಇಲ್ಲ.”

ಅಮ್ಮ ಮೊಸರನ್ನ ಕಲಸಿದರು. ಕಲಸಿದ್ದನ್ನೇ ಕಲಸಿದರು. ದಿನಾ ಸಂಜೆ ಮೆಟ್ಟಿಲಿಳಿದು ಬಂದು, ರುಬ್ಬಿದ ಹಿಟ್ಟಿಗೆ ಉಪ್ಪು ಹಾಕಿ, ಮೊಣಕೈವರೆಗೆ ಕೈಯಿಳಿಸಿ ಕಲಸಿ, ಬೆರಳಲ್ಲೊಂದು ಹನಿ ಎತ್ತಿ ನೋಡಿ ಮೇಲೆ ಹೋಗುವುದು ಅವರ ಕೆಲಸ. ಮಂಡಿನೋವು ಇದ್ದರೂ ಬಿಟ್ಟವರಲ್ಲ. ಡ್ರಮ್ಮು ಬಂದರೆ ಅಮ್ಮನಿಗೆ ಕೆಳಗೆ ಬರಲು ಕಾರಣವೇ ಉಳಿಯುವುದಿಲ್ಲ. ಇದು ಅಣ್ಣನಿಗೆ ಹೊಳೆದಿರಲಿಲ್ಲ. ಹೊಳೆಯುವುದು ಅವನ ಕೆಲಸವೂ ಅಲ್ಲ. ಆಗಬಹುದಾದ ಕೆಟ್ಟದ್ದನ್ನೆಲ್ಲ ಮೊದಲೇ ಊಹಿಸುವ ಖಾತೆ ಮನೆಯಲ್ಲಿ ನನ್ನದು.

“ಹಿಟ್ಟಿಗೆ ಎಂಥದೂ ಆಗ್ಲಿಲ್ಲ” ಎಂದೆ. “ಜಾಗ ಸರಿ ಇಲ್ಲ. ಫ್ರಿಜ್ಜಿನ ಬಿಸಿಗಾಳಿ ಪೂರಾ ಅದರ ಮೇಲೇ ಬೀಳ್ತದೆ. ಪುನಃ ಕಟ್ಟೆ ಮೇಲೆ ಇಟ್ಟು ನೋಡು.”

“ಅಕ್ಕಿ ಮೊದಲಿನ ಹಾಗಿಲ್ಲ. ಉದ್ದು ಮೊದಲಿನ ಹಾಗಿಲ್ಲ. ತಿನ್ನುವ ಜನ ಮೊದಲಿನ ಹಾಗಿಲ್ಲ. ಕಟ್ಟೆ ಮಾತ್ರ ಮೊದಲಿನ ಹಾಗೆ ಬೇಕಾ ನಿಂಗೆ?”

“ತೋರಿಸ್ತೇನೆ.”

“ಎಂಥ ತೋರಿಸ್ತಿ ಮಾರಾಯ್ತಿ? ಇನ್ಶೂರೆನ್ಸಿನವರು ಈಗ ಹಿಟ್ಟಿಗೂ ಪಾಲಿಸಿ ಮಾಡ್ತೀರಾ?” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, “ಸರಿ, ತೋರಿಸು. ವಿಜಯದಶಮಿ ಕಳೆದ ಮರುದಿನ ಅವ ಅಗ್ರಿಮೆಂಟು ಹಿಡ್ಕೊಂಡು ಬರ್ತಾನೆ. ಅಷ್ಟರೊಳಗೆ ತೋರಿಸಿದ್ರೆ ಹಿಟ್ಟು ಇಲ್ಲೇ. ಇಲ್ಲದಿದ್ರೆ ಈ ವಿಷಯ ನೀನು ಇನ್ನು ಎತ್ಲಿಕ್ಕಿಲ್ಲ” ಎಂದ.

ಮಾತು ಬಾಯಿಂದ ಹೊರಬಿದ್ದಿತ್ತು. ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಒಂದೇ ಹಿಟ್ಟನ್ನು ಎರಡು ಪಾತ್ರೆಗೆ ಹಾಕುವುದು. ಒಂದು ಫ್ರಿಜ್ಜಿನ ಹಿಂದೆ, ಇನ್ನೊಂದು ಪಾರ್ಸೆಲ್ ಕೌಂಟರಿನ ಅಡಿಯಲ್ಲಿ ಕಟ್ಟೆಯ ಮೂಲೆಗೆ. ಎರಡಕ್ಕೂ ಒಂದೊಂದು ಸ್ಟೀಲಿನ ಕಡ್ಡಿ ಇಳಿಬಿಟ್ಟರೆ ಅದು ಹಿಟ್ಟಿನ ಶಾಖ ಹೇಳುತ್ತದೆ. ಮುಚ್ಚಳದ ಒಳಗಡೆ ಬಾವಲಿಯ ಹಾಗೆ ಸದ್ದು ಕಳಿಸಿ, ಸದ್ದು ಮರಳಿ ಬರುವ ಹೊತ್ತು ಅಳೆಯುವ ಒಂದು ಸಾಮಾನು. ಹಿಟ್ಟು ಎಷ್ಟು ಎದ್ದಿದೆ ಎಂದು ಅದು ಹೇಳುತ್ತದೆ. ನಡುವೆ ಬೋರ್ಡು, ಹಳೆಯ ಪ್ಲಾಸ್ಟಿಕ್ ಟಿಫಿನ್ ಡಬ್ಬಿಯೊಳಗೆ. ಡಬ್ಬಿಯ ಮೇಲೆ ಹೆಬ್ಬೆರಳಷ್ಟು ಅಗಲದ ಪರದೆ, ಅದರಲ್ಲಿ ಅಂಕಿಗಳು.

“ಹಿಟ್ಟಿಗೆ ಕರೆಂಟು ಕೊಡ್ತಿಯಾ?” ಎಂದು ಅಣ್ಣ ಗಾಬರಿಯಾದ. ಕಡ್ಡಿಯನ್ನು ಬಿಸಿನೀರಿನಲ್ಲಿ ತೊಳೆದು, ನನ್ನ ನಾಲಿಗೆಯ ಮೇಲೇ ಇಟ್ಟುಕೊಂಡು ತೋರಿಸಿದೆ. ಹೀಗೆ ತೋರಿಸುವ ಮೊದಲು ಮನೆಯಲ್ಲಿ ಗುಟ್ಟಾಗಿ ಅಭ್ಯಾಸ ಮಾಡಿದ್ದೆ ಎನ್ನುವುದು ಬೇರೆ ಮಾತು.

ಕಚೇರಿ ಮುಗಿಸಿ ನುಂಗಂಬಾಕ್ಕಂನಿಂದ ಲೋಕಲ್ ಟ್ರೇನಿನಲ್ಲಿ ಎಗ್ಮೋರಿಗೆ ಬಂದು ಎಲ್ಲ ಜೋಡಿಸಿ ಹೋದೆ. ಮರುದಿನ ಬೆಳಿಗ್ಗೆ ಕಚೇರಿಗೆ ಮೊದಲು ಬಂದು ನೋಡಿದರೆ ಪರದೆಯ ಮೇಲೆ ಆ ಹೊತ್ತಿನ ಅಂಕಿ ಮಾತ್ರ ಇದೆ. ರಾತ್ರಿಯದ್ದೆಲ್ಲ ಮಾಯ. ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೆಳಗಾಗುತ್ತಲೇ ವಡೆಗೆ ಉದ್ದು ರುಬ್ಬಲು ದೊಡ್ಡ ಗ್ರೈಂಡರ್ ಹಾಕುತ್ತಾರೆ. ಅದು ಏಳುವ ಗಳಿಗೆಗೆ ಇಡೀ ಹೋಟೆಲಿನ ದೀಪ ಒಮ್ಮೆ ಕಣ್ಣು ಮಿಟುಕಿಸುತ್ತದೆ. ದೀಪಕ್ಕೆ ಅದು ಮಿಟುಕು, ನನ್ನ ಬೋರ್ಡಿಗೆ ಮರಣ. ಸತ್ತು ಮತ್ತೆ ಹುಟ್ಟುವಾಗ ಅದಕ್ಕೆ ಪೂರ್ವಜನ್ಮದ ನೆನಪಿರುವುದಿಲ್ಲ.

“ಈಗ ಎಷ್ಟು ಬಿಸಿ ಉಂಟು ಅಂತ ಕೈ ಹಾಕಿದ್ರೆ ನಂಗೂ ಗೊತ್ತಾಗ್ತದೆ” ಎಂದ ಅಣ್ಣ. “ರಾತ್ರಿ ಇಡೀ ಎಂತ ಆಯ್ತು, ಅದನ್ನು ಹೇಳು.”

ಅದು ನ್ಯಾಯವಾದ ಮಾತು. ಹಾಗಾಗಿಯೇ ಹೆಚ್ಚು ಸಿಟ್ಟು ಬಂತು. ಮೆಮೊರಿ ಕಾರ್ಡು ಹಾಕಬೇಕೆಂದು ಹೊರಟದ್ದು ಆ ಸಿಟ್ಟಿನಲ್ಲಿ.

ರಿಚ್ಚಿ ಸ್ಟ್ರೀಟಿನಲ್ಲಿ ಇಂಥ ಸಾಮಾನು ಸಿಗದ ಅಂಗಡಿಯಿಲ್ಲ. ಆ ಗದ್ದಲದಲ್ಲಿ ಹ್ಯಾಂಡ್‌ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತ ಹೆಂಗಸು ನಾನೊಬ್ಬಳೇ. ಕಾರ್ಡು ಕೂರಿಸುವ ಪುಟ್ಟ ಹಲಗೆ ಸಿಕ್ಕಿತು. ಕಾರ್ಡು ಕೊಡುವಾಗ ಅಂಗಡಿಯವನು ನಾನು ಆರಿಸಿದ್ದನ್ನು ನೋಡಿ ಕೇಳಿದ:

“ಇವ್ವಳವು ಪೆರಿಸು ಎದುಕ್ಕು ಮೇಡಂ? ಕಲ್ಯಾಣ ವೀಡಿಯೊವಾ?” ಇಷ್ಟು ದೊಡ್ಡದು ಯಾಕೆ, ಮದುವೆಯ ವೀಡಿಯೊಕ್ಕಾ ಎಂದು.

“ಇಲ್ಲಪ್ಪಾ, ಇಡ್ಲಿ ಮಾವು” ಎಂದೆ. ಮಾವು ಎಂದರೆ ಇಲ್ಲಿ ಹಿಟ್ಟು. ಅವನು ನನ್ನ ಮುಖವನ್ನೊಮ್ಮೆ, ಕಾರ್ಡನ್ನೊಮ್ಮೆ ನೋಡಿ, ಬಿಲ್ಲು ಹಾಕಿದ. ಜಾಗ ಸಾಲದೆ ಹೋದರೆ ಎಂಬ ಚಿಂತೆಯಿಂದ ಅತಿ ದೊಡ್ಡದನ್ನೇ ಕೊಂಡಿದ್ದೆ. ರಾತ್ರಿಯ ಶಾಖ ಬರೆದಿಡಲು ಅದರ ಮೂಲೆಯೊಂದು ಸಾಕು. ನನ್ನ ಮುಂದಿನ ಏಳು ತಲೆಮಾರಿನ ಹಿಟ್ಟು ಅದರಲ್ಲಿ ಹಿಡಿಸುತ್ತಿತ್ತು.

ಬೋರ್ಡು ಅದನ್ನು ಮೂಸಿಯೂ ನೋಡಲಿಲ್ಲ. ಪರದೆಯ ಮೂಲೆಯಲ್ಲಿ ‘ನೋ ಕಾರ್ಡ್’ ಎಂದಿತು. ಮೊದಲು ತಂತಿ ತಪ್ಪಿತ್ತು: ಮಾತು ಹೋಗುವ ತಂತಿಯನ್ನು ಮಾತು ಬರುವ ಕಡೆಗೆ ಸಿಕ್ಕಿಸಿದ್ದೆ. ಬದಲಾಯಿಸಿದೆ. ಮತ್ತೆ ನೋ ಕಾರ್ಡ್. ಇಷ್ಟು ದೊಡ್ಡ ಕಾರ್ಡುಗಳು ಹೊಸ ಪದ್ಧತಿಯಲ್ಲಿ ಸಿದ್ಧವಾಗಿ ಬರುತ್ತವಂತೆ, ನನ್ನ ಬೋರ್ಡಿಗೆ ಗೊತ್ತಿರುವುದು ಹಳೆಯ ಪದ್ಧತಿ. ಅದನ್ನು ಅಳಿಸಿ ಹಳೆಯ ಪದ್ಧತಿಗೆ ತರಲು ಕೂತೆ. ನನ್ನ ಕೈಗುಣಕ್ಕೋ ಕಾರ್ಡಿನ ಆಯುಸ್ಸಿಗೋ, ಅದು ಅಲ್ಲೇ ಸತ್ತಿತು. ಲ್ಯಾಪ್‌ಟಾಪಿಗೂ ಕಾಣದಾಯಿತು. ಎಸೆಯದೆ ಎತ್ತಿಟ್ಟೆ. ಮತ್ತೆ ರಿಚ್ಚಿ ಸ್ಟ್ರೀಟು, ಈ ಬಾರಿ ಅಲ್ಲಿದ್ದುದರಲ್ಲೇ ಅತಿ ಚಿಕ್ಕದು. “ಮಾವು ಕಮ್ಮಿಯಾಯಿಡುಚ್ಚಾ ಮೇಡಂ?” ಎಂದು, ಹಿಟ್ಟು ಕಡಿಮೆಯಾಯಿತೇ ಎಂದು ಕೇಳಿದ ಅದೇ ಅಂಗಡಿಯವನು, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ.

ಚಿಕ್ಕ ಕಾರ್ಡನ್ನು ಬೋರ್ಡು ಗುರುತು ಹಿಡಿಯಿತು. ಮನೆಯ ಊಟದ ಮೇಜಿನ ಮುಂದೆ ನಾನು ಚಪ್ಪಾಳೆ ತಟ್ಟಿದ್ದು ಕೇಳಿ ಗಂಡ, ಕ್ರಿಕೆಟ್ ಇದೆಯಾ ಎಂದು ಓಡಿ ಬಂದರು.

ಆದರೂ ಮರುದಿನ ಹೋಟೆಲಿನಲ್ಲಿ ಫೈಲು ತೆರೆದರೆ ಖಾಲಿ. ನಾನು ಮಾಡಿದ್ದ ತಪ್ಪೆಂದರೆ ಸಂಜೆ ಫೈಲು ತೆರೆಯುವುದು, ರಾತ್ರಿಯಿಡೀ ಬರೆಯುತ್ತಾ ಹೋಗುವುದು, ಬೆಳಿಗ್ಗೆ ಮುಚ್ಚುವುದು. ಮುಚ್ಚುವ ಮೊದಲೇ ಗ್ರೈಂಡರ್ ಎದ್ದು, ಬೋರ್ಡು ಸತ್ತು, ಬರೆದದ್ದೆಲ್ಲ ಗಾಳಿಗೆ ಹೋಗಿತ್ತು. ಒಂದು ಸಾಲು ಬರೆದ ಕೂಡಲೇ ಮುಚ್ಚಬೇಕು, ಮುಂದಿನ ಸಾಲಿಗೆ ಮತ್ತೆ ತೆರೆಯಬೇಕು. ಇದು ತಿಳಿದಾಗ ನಾಚಿಕೆಯಾಯಿತು. ಬಾಲ್ಯವಿಡೀ ನಾನು ಕೇಳಿ ಬೆಳೆದದ್ದು ಒಂದೇ ಕೂಗು: “ಬೆಲ್ಲ ತೆಗ್ದದ್ದು ಯಾರು? ಡಬ್ಬಿ ಮುಚ್ಚು!” ಅಮ್ಮನ ಅಡುಗೆಮನೆಯಲ್ಲಿ ಒಂದು ಚಿಟಿಕೆ ತೆಗೆದರೂ ಡಬ್ಬಿ ಮುಚ್ಚಿಯೇ ಇನ್ನೊಂದಕ್ಕೆ ಕೈಹಾಕಬೇಕು. ಇರುವೆಗೆ ಬೇಕಾದ್ದು ಒಂದು ಕ್ಷಣ; ಗ್ರೈಂಡರಿಗೂ ಅಷ್ಟೇ.

ಡಬ್ಬಿ ಮುಚ್ಚುವುದನ್ನು ಬೋರ್ಡಿಗೆ ಕಲಿಸಿದ ಮೇಲೆ ಎಲ್ಲ ಸರಿಹೋಯಿತು. ಒಂದೊಂದು ರಾತ್ರಿಯೂ ಸಾಲು ಸಾಲಾಗಿ ಕಾರ್ಡಿನಲ್ಲಿ ಬಂದು ಕೂತಿತು. ಬೆಳಿಗ್ಗೆ ಬಂದು ಕಾರ್ಡನ್ನು ಒತ್ತಿ ತೆಗೆದು, ಅದು ನೆಲಕ್ಕೆ ಬಿದ್ದರೆ ಎಂಬ ಭಯಕ್ಕೆ ಸೆರಗು ಹಿಡಿದುಕೊಂಡು, ಲ್ಯಾಪ್‌ಟಾಪಿನಲ್ಲಿ ಅಂಕಿಗಳನ್ನು ನೋಡಿ ಮತ್ತೆ ಸಿಕ್ಕಿಸುತ್ತಿದ್ದೆ. ಅವನ್ನು ಬೇರೆಡೆಗೂ ಇಳಿಸಿಡಬೇಕೆಂದು ಆಗ ಹೊಳೆದಿರಲಿಲ್ಲ. ಅಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

“ಇಷ್ಟೆಲ್ಲ ತಂತಿ ಉಂಟಲ್ಲ ಮಗಾ, ಇದರಲ್ಲಿ ಮುಖ್ಯ ಯಾವುದು?”

“ಇದು ಅಮ್ಮಾ. ಈ ಕಾರ್ಡು. ನೆನಪೆಲ್ಲ ಇದರೊಳಗೆ.”

“ಇಷ್ಟು ಸಣ್ಣದಾ!” ಎಂದರು. ಉಗುರಿನಷ್ಟು ದೊಡ್ಡ ಆ ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ಹಿಂದುಗಡೆಯ ಚಿನ್ನದ ಬಣ್ಣದ ಗೆರೆಗಳು ಅವರಿಗೆ ಬಹಳ ಹಿಡಿಸಿದವು.

ಆಯುಧಪೂಜೆ ಬಂತು. ಚೆನ್ನೈಯಲ್ಲಿ ಆ ದಿನ ಆಟೋದಿಂದ ಹಿಡಿದು ಬ್ಯಾಂಕಿನ ಕಂಪ್ಯೂಟರಿನವರೆಗೆ ಎಲ್ಲಕ್ಕೂ ಕುಂಕುಮ. ನಮ್ಮ ಹೋಟೆಲಿನಲ್ಲಿ ಗ್ರೈಂಡರ್, ಇಡ್ಲಿ ಪಾತ್ರೆ, ದೋಸೆಕಲ್ಲು, ಸೌಟು, ಫ್ರಿಜ್ಜು, ಅಣ್ಣನ ಸ್ಕೂಟರ್ ಎಲ್ಲ ತೊಳೆದು, ಗಂಧ ಕುಂಕುಮ ಇಟ್ಟು, ಹೂ ಮುಡಿಸಿ, ಮಂಡಕ್ಕಿ ಬೆಲ್ಲ ನೈವೇದ್ಯ ಮಾಡುತ್ತೇವೆ. ಪೂಜೆಗಿಟ್ಟ ಆಯುಧವನ್ನು ಅವತ್ತು ಬಳಸುವಂತಿಲ್ಲ. ನನ್ನ ಯಂತ್ರವನ್ನು ಮಾತ್ರ ಬಿಟ್ಟುಬಿಡಿ, ಒಂದು ರಾತ್ರಿ ತಪ್ಪಿದರೂ ನನಗೆ ನಷ್ಟ ಎಂದು ಬೇಡಿಕೊಂಡೆ.

“ಗ್ರೈಂಡರಿಗೇ ರಜೆ. ನಿನ್ನ ಡಬ್ಬಿಗೆ ಎಂಥದು ಅಷ್ಟು ಕೆಲಸ?” ಎಂದರು ಅಮ್ಮ. “ಹಿಟ್ಟು ಕಾಯುವುದು ಅದೇ ಅಲ್ವಾ? ಹಾಗಾದ್ರೆ ಅದೂ ಆಯುಧವೇ.”

ಈ ಮಾತಿಗೆ ನಾನು ಉಬ್ಬಿದೆ. ಮನೆಯಲ್ಲಿ ಮೊದಲ ಬಾರಿಗೆ ಒಬ್ಬರು ಅದನ್ನು ಆಟದ ಸಾಮಾನು ಎನ್ನಲಿಲ್ಲ. ಬಿಚ್ಚಿ ಕೊಟ್ಟೆ. ಪೂಜೆಯ ಹೊತ್ತಿಗೆ ನಾನು ಬಂದಾಗ ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಗಂಧದ ಬೊಟ್ಟು, ಅದರ ನಡುವೆ ಕುಂಕುಮ, ಪಕ್ಕದಲ್ಲೊಂದು ಸೇವಂತಿಗೆ. ಒಳಗೆ ನೀರು ಹೋಗಿಲ್ಲ ತಾನೇ ಎಂದು ಇಣುಕಿದೆ. ಹೋಗಿರಲಿಲ್ಲ. ಅಣ್ಣ ಬಾಗಿಲೆದುರು ಬೂದುಗುಂಬಳ ಒಡೆದ. ಅದರ ಚೂರಿನ ಮೇಲೆ ಯಾರಾದರೂ ಜಾರಿ ಬೀಳುತ್ತಾರೆಂದು ನಾನೇ ಗುಡಿಸಿದೆ.

ವಿಜಯದಶಮಿಯ ಸಂಜೆ ಎಲ್ಲವನ್ನೂ ಮತ್ತೆ ಜೋಡಿಸಿದೆ. ಮರುದಿನ ಕಂಪನಿಯವನು ಬರುವವನು, ಕೊನೆಯ ರಾತ್ರಿ. ಪ್ಲಗ್ಗು ಗಟ್ಟಿಯಿದೆಯೇ ಎಂದು ನೋಡಿದೆ. ತಂತಿಯನ್ನು ಯಾರೂ ಎಡವದಂತೆ ಟೇಪು ಅಂಟಿಸಿದೆ. ಮುಚ್ಚಳದ ಅಂಚಿನಲ್ಲಿ ಜಿರಲೆ ನುಗ್ಗದಂತೆ ಬಟ್ಟೆ ಸುತ್ತಿದೆ. ಟ್ರೇನು ಹತ್ತಿದ ಮೇಲೂ, ಹಲ್ಲಿ ಬಿದ್ದರೆ ಎಂದು ಅಣ್ಣನಿಗೆ ಫೋನು ಮಾಡಿ ಬೈಸಿಕೊಂಡೆ. ಜಗತ್ತಿನಲ್ಲಿ ಚಿಂತಿಸಲು ಯೋಗ್ಯವಾದ ಎಲ್ಲವನ್ನೂ ಚಿಂತಿಸಿದ ನಾನು ಪರದೆಯ ಮೂಲೆಯನ್ನು ಮಾತ್ರ ನೋಡಿರಲಿಲ್ಲ.

ಬೆಳಿಗ್ಗೆ ಕಚೇರಿಗೆ ರಜೆ ಹಾಕಿ ಬಂದಾಗ ಕಂಪನಿಯವನು ಆಗಲೇ ಗಲ್ಲಾದ ಪಕ್ಕದ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ನಗು, ಮುಂದೆ ಮಾದರಿ ಹಿಟ್ಟಿನ ಡಬ್ಬಿ, ಕಾಗದಗಳು. ಅವನ ಮೇಲೆ ನನಗೇನೂ ದ್ವೇಷವಿರಲಿಲ್ಲ. ಅವನ ನಗುವಿನ ಮೇಲೆ ಸ್ವಲ್ಪ ಇತ್ತು.

“ಬಾ ಬಾ, ಇಂಜಿನಿಯರಮ್ಮಾ” ಎಂದ ಅಣ್ಣ. “ತೋರಿಸು ನೋಡುವ.”

ಡಬ್ಬಿಯ ಹತ್ತಿರ ಬಗ್ಗಿದೆ. ಅಂಕಿಗಳು ಹೊಳೆಯುತ್ತಿದ್ದವು. ಮೂಲೆಯಲ್ಲಿ ಸಣ್ಣಗೆ: ನೋ ಕಾರ್ಡ್.

ಅಣ್ಣ ನನ್ನ ಭುಜದ ಮೇಲಿಂದ ಓದಿದ. “ಎಂಥ? ಕಾರ್ಡಿಲ್ವಾ? ನಿನ್ನ ಮಿಷಿನಿಗೂ ಮರೆವಾ?”

ಕಾರ್ಡು ಇತ್ತು. ಒತ್ತಿ ಹೊರತೆಗೆದೆ. ತಿರುಗಿಸಿದೆ. ಚಿನ್ನದ ಗೆರೆಗಳ ಮೇಲೆ ಒಣಗಿದ ಗಂಧ, ಅದರ ನಟ್ಟನಡುವೆ ಅಚ್ಚುಕಟ್ಟಾಗಿ ಕುಂಕುಮ. ಉಗುರಿನಷ್ಟು ಜಾಗದಲ್ಲಿ ಅಷ್ಟು ದುಂಡಗೆ ಬೊಟ್ಟಿಡಲು ಅಮ್ಮನಿಗೇ ಸಾಧ್ಯ. ಬೋರ್ಡು ಕಾರ್ಡಿನ ಜೊತೆ ಮಾತಾಡುವುದು ಆ ಗೆರೆಗಳ ಮೂಲಕವೇ. ಗಂಧದ ಗೋಡೆಯ ಆಚೆಗೆ ಅದಕ್ಕೆ ಏನೂ ಕೇಳಿಸಿರಲಿಲ್ಲ.

“ಅಮ್ಮಾ!” ಎಂದು ಕೂಗಿದೆ.

ಅಮ್ಮ ಮೆಟ್ಟಿಲಿನ ನಡುವೆ ಕಂಬಿ ಹಿಡಿದು ನಿಂತಿದ್ದರು. “ಹಾಂ, ಅದಕ್ಕೂ ಇಟ್ಟೆ. ಮುಖ್ಯದ್ದು ಅದೇ ಅಂತ ನೀನೇ ಹೇಳಿದ್ದಲ್ವಾ? ಮುಖಕ್ಕೇ ಇಟ್ಟದ್ದು, ಹಿಂದೆ ಅಲ್ಲ.”

“ಅದು ಮುಖ ಅಂತ ಯಾರು ಹೇಳಿದ್ದು?”

“ಚಿನ್ನ ಇರುವ ಕಡೆ ಮುಖ ಅಲ್ದೆ ಮತ್ತೆಂಥ ಮಗಾ?”

ಅಣ್ಣ ನಕ್ಕ ನಗೆಗೆ ತಿಂಡಿ ತಿನ್ನುತ್ತಿದ್ದವರು ತಲೆಯೆತ್ತಿದರು. ಕಣ್ಣು ಒರೆಸಿಕೊಂಡು ಹೇಳಿದ: “ಆಯ್ತಲ್ಲ. ದೇವರೇ ಬೇಡ ಅಂದ ಹಾಗಾಯ್ತು. ಕೊಡಿ ಸಾರ್, ಸೈನು ಹಾಕುವ.”

“ಇಲ್ಲ. ಕೂತ್ಕೋ” ಎಂದೆ.

ಅಣ್ಣನಿಗೆ ನಾನು ಹಾಗೆ ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಅವನು ಪೆನ್ನು ಹಿಡಿದುಕೊಂಡೇ ಕೂತ. 

ಗಲ್ಲಾದ ಮೇಲೆ ತುದಿಗೆ ರಬ್ಬರಿದ್ದ ಒಂದು ಪೆನ್ಸಿಲಿತ್ತು. ಕಾರ್ಡನ್ನು ಮೇಜಿನ ಮೇಲಿಟ್ಟು ಆ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಗಂಧ ಪುಡಿಪುಡಿಯಾಗಿ ಎದ್ದು ಬಂತು. ಕುಂಕುಮ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಕೈಗೆ ಹಚ್ಚುವ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಹತ್ತಿ ಕೆಂಪಾಯಿತು. ಕಂಪನಿಯವನು ಕಾಫಿ ಬಿಟ್ಟು ಬಗ್ಗಿ ನೋಡುತ್ತಿದ್ದ. ಅಮ್ಮ ಮೆಟ್ಟಿಲಿಳಿದು ಬಂದು ನನ್ನ ಪಕ್ಕದಲ್ಲೇ ನಿಂತರು. ದೇವರ ಕುಂಕುಮವನ್ನು ಒರೆಸಬೇಡ ಎನ್ನುತ್ತಾರೇನೋ ಎಂದುಕೊಂಡೆ. “ಅಲ್ಲಿ ಅಂಚಿನಲ್ಲಿ ಸ್ವಲ್ಪ ಉಂಟು ನೋಡು” ಎಂದರು.

ಲ್ಯಾಪ್‌ಟಾಪಿಗೆ ಹಾಕಿದೆ. ಬರಲಿಲ್ಲ. ತೆಗೆದು ಮತ್ತೆ ಹಾಕಿದೆ. ಆ ಕ್ಷಣ ನನ್ನೊಳಗೆ ಓಡಿದ ಹರಕೆಗಳನ್ನು ಇಲ್ಲಿ ಬರೆಯುವುದಿಲ್ಲ. ಕೆಲವನ್ನು ಇನ್ನೂ ತೀರಿಸಿಲ್ಲ. ಬಂತು.

ಕೊನೆಯ ರಾತ್ರಿ ಇರಲಿಲ್ಲ. ಪೂಜೆಗೆ ಮೊದಲಿನವೆಲ್ಲ ಇದ್ದವು. ಲ್ಯಾಪ್‌ಟಾಪನ್ನು ಅಣ್ಣನ ಕಡೆ ತಿರುಗಿಸಿ, ಗೆರೆಯ ಮೇಲೆ ಬೆರಳಿಟ್ಟು ಹೇಳುತ್ತಾ ಹೋದೆ. ಫ್ರಿಜ್ಜಿನ ಹಿಂದಿನ ಹಿಟ್ಟು ಊರಿನವರೆಲ್ಲ ಇನ್ನೂ ಸೀರಿಯಲ್ ನೋಡುತ್ತಿರುವಾಗಲೇ ಪೂರ್ತಿ ಎದ್ದುಬಿಡುತ್ತದೆ. ಆಮೇಲೆ ಬೆಳಗಿನವರೆಗೆ ಕುಸಿಯುತ್ತಾ, ಹುಳಿಯಾಗುತ್ತಾ ಕೂತಿರುತ್ತದೆ. ಕಟ್ಟೆಯ ಹಿಟ್ಟು ತಣ್ಣಗೆ, ನಿಧಾನಕ್ಕೆ ಏಳುತ್ತದೆ. ಇಡ್ಲಿಗೆ ಹೊಯ್ಯುವ ಹೊತ್ತಿಗೆ ಸರಿಯಾಗಿ ತುದಿ ಮುಟ್ಟುತ್ತದೆ. ಒಂದು ರಾತ್ರಿ ಮಾತ್ರವಲ್ಲ, ಹೆಚ್ಚಿನ ರಾತ್ರಿಗಳೂ ಹಾಗೆಯೇ.

ಅಣ್ಣ ಒಂದೊಂದೇ ರಾತ್ರಿಯ ಗೆರೆ ನೋಡುತ್ತಾ ಹೋದ. ಹೋಟೆಲಿನವನ ಕಣ್ಣು, ಅಕ್ಕಿಯಲ್ಲಿ ಕಲ್ಲು ಎಲ್ಲಿದೆ ಎಂದೇ ಹುಡುಕುವುದು. ಸಿಕ್ಕಿತು.

“ಇದೆಂತದು? ಈ ದಿನ ಕಟ್ಟೆಯದ್ದು ಎದ್ದೇ ಇಲ್ವಲ್ಲ?”

“ಹೌದು. ಅವತ್ತು ಮಳೆ. ಚಳಿಗೆ ಏಳ್ಲಿಲ್ಲ. ಅವತ್ತು ಫ್ರಿಜ್ಜಿನ ಹಿಂದಿನದ್ದೇ ಚೆನ್ನಾಗಿತ್ತು.”

“ಮತ್ತೆ? ನಿನ್ನ ಕಟ್ಟೆ ಸೋತಿತಲ್ಲ!”

“ಸೋತದ್ದೂ ಅದರಲ್ಲೇ ಉಂಟು, ನೋಡು. ನಾನು ಅಳಿಸ್ಲಿಲ್ಲ. ಅಳಿಸ್ಬಹುದಿತ್ತು, ನಿಂಗೆ ಗೊತ್ತೇ ಆಗ್ತಿರ್ಲಿಲ್ಲ. ಹೀಗೆ ತನ್ನ ಹಿಟ್ಟಿನ ತಪ್ಪು ತಾನೇ ತೋರಿಸುವವರು ನಿಂಗೆ ಬೇರೆ ಯಾರು ಸಿಕ್ತಾರೆ ಹೇಳು.”

ಕೊನೆಯ ಮಾತನ್ನು ಕಂಪನಿಯವನ ಕಡೆ ನೋಡಿಯೇ ಹೇಳಿದೆ. ಕನ್ನಡ ಅವನಿಗೆ ಬಾರದು. ಆದರೂ ಡಬ್ಬಿಯನ್ನು ಸ್ವಲ್ಪ ತನ್ನ ಹತ್ತಿರಕ್ಕೆ ಎಳೆದುಕೊಂಡ.

ಅಣ್ಣ ಪೆನ್ನಿನ ತುದಿಯಿಂದ ಆ ಮಳೆಯ ರಾತ್ರಿಯನ್ನು ತಟ್ಟುತ್ತಾ ಕೂತ. “ಮಳೆಗಾಲ ಶುರುವಾಗುವುದೇ ಈಗ. ಚಳಿ ಆದ್ರೆ ಎಂತ ಮಾಡುವುದು? ಅಪ್ಪ ಗೋಣಿ ಹೊದಿಸ್ತಿದ್ದ, ಅಲ್ವಾ? ಪಾತ್ರೆ ಅಡಿಗೆ ಹಲಗೆ ಸಹ ಇಡ್ತಿದ್ದ. ಕಲ್ಲಿನ ತಂಪು ತಾಗ್ಬಾರ್ದು ಅಂತ. ಆ ಹಲಗೆ ಮೇಲೆ ಅಟ್ಟದಲ್ಲಿ ಉಂಟಾ ಅಮ್ಮಾ?”

ನಾನು ಉಸಿರು ಬಿಟ್ಟದ್ದು ಆಗ. ಹಲಗೆ ಎಲ್ಲಿದೆ ಎಂದು ಕೇಳುವವನು ಆಗಲೇ ಡ್ರಮ್ಮನ್ನು ಮರೆತಿರುತ್ತಾನೆ. ಅದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ. ನಾನು ಹೇಳಲೂ ಇಲ್ಲ. ಗೆಲ್ಲುವಾಗ ಬಾಯಿ ಮುಚ್ಚಿಕೊಂಡಿರುವುದೂ ಒಂದು ವಿದ್ಯೆ. ನನಗೆ ಅದು ಜೀವನದಲ್ಲಿ ಒಂದೇ ಸಲ ಕೈಗೂಡಿದೆ.

“ಪೊಂಗಲ್ ಮುಡಿಯಟ್ಟುಂ ಸಾರ್, ಪಾಕ್ಕಲಾಂ” ಎಂದ ಅಣ್ಣ ಕಂಪನಿಯವನಿಗೆ. ಸಂಕ್ರಾಂತಿ ಕಳೆಯಲಿ, ನೋಡೋಣ. ಈ ಊರಿನಲ್ಲಿ ಇದರ ಅರ್ಥ ಏನೆಂದು ಅವನಿಗೂ ಗೊತ್ತಿತ್ತು. ನಗುತ್ತಲೇ ಎದ್ದ. ಅಮ್ಮ ಅವನನ್ನು ಬಿಡಲಿಲ್ಲ. ಕೂರಿಸಿ ಇಡ್ಲಿ ತಿನ್ನಿಸಿ ಕಳಿಸಿದರು. ಕಟ್ಟೆಯ ಪಾತ್ರೆಯದ್ದು.

ಪಾರ್ಸೆಲ್ ಕೌಂಟರು ಬಾಗಿಲಿಗೆ ಬಂತು. ಹೆಲ್ಮೆಟ್ಟಿನವರೆಲ್ಲ ಈಗ ಗಲ್ಲಾದ ಮುಂದೆ ನಿಂತು ಅಣ್ಣನಿಗೆ ಗಾಳಿ ತಡೆಯುತ್ತಾರೆ. “ನಿನ್ನಿಂದಾಗಿ ನಂಗೆ ಬೆವರು” ಎಂದು ನನ್ನನ್ನು ಕಂಡಾಗಲೆಲ್ಲ ಹೇಳುತ್ತಾನೆ. ಬೆವರಲಿ. ಪೊಂಗಲ್ ಬಂತು, ಹೋಯಿತು. ಹಿಟ್ಟು ಕಟ್ಟೆಯ ಮೇಲೆಯೇ ಇದೆ. ಎಲ್ಲ ದಿನವೂ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಒಂದೊಂದು ದಿನ ಈಗಲೂ ಕೈಕೊಡುತ್ತದೆ. ಕೈಕೊಟ್ಟ ದಿನ ಅಣ್ಣ ಕಾರ್ಡನ್ನು ತಾನೇ ತೆಗೆದು, ಯಾಕೆ ಎಂದು ನೋಡುತ್ತಾನೆ. ತೆಗೆದು ಹಾಕುವಾಗ ನನಗಿಂತ ಹೆಚ್ಚು ಹೆದರುತ್ತಾನೆ. ಅಮ್ಮ ದಿನಾ ಸಂಜೆ ಕಂಬಿ ಹಿಡಿದು ಇಳಿದು ಬರುತ್ತಾರೆ, ಉಪ್ಪು ಹಾಕುತ್ತಾರೆ, ಬೆರಳೆತ್ತಿ ನೋಡುತ್ತಾರೆ. ಆ ಮೆಟ್ಟಿಲಿನಲ್ಲಿ ಜಾರಿದರೆ ಎಂಬುದು ನನ್ನ ಈಗಿನ ಚಿಂತೆ. ಅಂಚಿಗೆಲ್ಲ ರಬ್ಬರು ಹಾಕಿಸಿದ್ದೇನೆ.

ಈ ವರ್ಷ ಆಯುಧಪೂಜೆ ಹತ್ತಿರ ಬಂದಾಗ ನನಗೊಂದು ಉಪಾಯ ಹೊಳೆಯಿತು. ರಿಚ್ಚಿ ಸ್ಟ್ರೀಟಿನ ಆ ಸತ್ತ ದೊಡ್ಡ ಕಾರ್ಡು ಡ್ರಾಯರಿನಲ್ಲಿತ್ತಲ್ಲ, ಅದನ್ನು ತಂದು ಅಮ್ಮನ ಕೈಗಿಟ್ಟೆ. “ಪೂಜೆಗೆ ಇದು ಇರಲಿ ಅಮ್ಮಾ. ಚಿನ್ನವೂ ಉಂಟು ನೋಡಿ.”

ಅಮ್ಮ ತಿರುಗಿಸಿ ನೋಡಿದರು. “ಇದು ಕೆಲಸ ಮಾಡ್ತದಾ?”

“ಇಲ್ಲ.”

“ಕೆಲಸ ಮಾಡದ್ದಕ್ಕೆ ಪೂಜೆ ಮಾಡ್ಲಿಕ್ಕುಂಟಾ?” ಎಂದು ಹಿಂದಕ್ಕೆ ಕೊಟ್ಟರು. “ನಿನ್ನ ಅಣ್ಣನಿಗೂ ಆರತಿ ಎತ್ತಬೇಕಾದೀತು ಮತ್ತೆ.”

“ಕೇಳ್ತದೆ ನಂಗೆ!” ಎಂದ ಅಣ್ಣ ಗಲ್ಲಾದಿಂದ.

ಕೆಲಸ ಮಾಡುವ ಕಾರ್ಡನ್ನೇ ಒತ್ತಿ ತೆಗೆದು ಕೊಟ್ಟೆ. ಹಿಂದಿನ ದಿನವೇ ಒಳಗಿದ್ದುದನ್ನೆಲ್ಲ ಲ್ಯಾಪ್‌ಟಾಪಿಗೆ, ಮಗಳ ಲ್ಯಾಪ್‌ಟಾಪಿಗೆ, ಅದೂ ಸಾಲದೆಂದು ಕಚೇರಿಯ ಕಂಪ್ಯೂಟರಿಗೆ ಇಳಿಸಿಟ್ಟಿದ್ದೆ. ಅಮ್ಮ ಕನ್ನಡಕ ಏರಿಸಿ, ಬೆರಳಲ್ಲಿ ಗಂಧ ತೆಗೆದುಕೊಂಡು, ಚಿನ್ನದ ಗೆರೆಯ ನಟ್ಟನಡುವೆ ಬೊಟ್ಟಿಟ್ಟರು. ಸ್ಪಿರಿಟ್ಟಿನ ಬಾಟಲಿ, ಹತ್ತಿ, ರಬ್ಬರಿನ ಪೆನ್ಸಿಲು ನನ್ನ ಬ್ಯಾಗಿನಲ್ಲಿದ್ದವು. ಇರಲಿ. ಅವರು ಇಡುತ್ತಾರೆ, ನಾನು ಒರೆಸುತ್ತೇನೆ.